ಅಂಗೀಕೃತ ಬಿಳುಪು

ಕೆರೆಯ ಮೇಲಿನ ಗುಡ್ಡದ ಇಳಿಜಾರಿನ ಬಗ್ಗೆ ಜಲಾನಯನ ಸಂರಕ್ಷಣಾ ಕಚೇರಿಗೂ ನನಗೂ ಆದ ಒಪ್ಪಂದ ಇಷ್ಟು: ನಾನು ಅಲ್ಲಿ ಕಟ್ಟಿಸುವ ಕಟ್ಟಡದ ಮುಂದಿನ ಎರಡು ಕೋಣೆ ಅವರಿಗೆ, ಹಿಂದೆ ಉಳಿದದ್ದೆಲ್ಲ ನನ್ನ ಬಟ್ಟೆಯ ಗೋದಾಮಿಗೆ. ಊರು ಬಳಸುವುದು ಆ ಕೆರೆಯ ನೀರನ್ನು. ಕೆರೆಗೆ ನೀರು ಇಳಿಯುವುದು ಆ ಗುಡ್ಡದಿಂದ. ಆದ್ದರಿಂದ ಗುಡ್ಡದ ಮೇಲೆ ಸಂರಕ್ಷಣೆಗೆ ಸಂಬಂಧಪಡದ ಯಾವ ಕಟ್ಟಡವನ್ನೂ ಕಟ್ಟತಕ್ಕದ್ದಲ್ಲವೆಂದು ನಿಯಮವಿದೆ. ಒಳ್ಳೆಯ ನಿಯಮ. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ.

ಅಲ್ಲಿಯವರೆಗೆ ಕಚೇರಿ ಇದ್ದದ್ದು ಪೇಟೆಯ ಒಂದು ಮಹಡಿಯಲ್ಲಿ. ಕಿಟಕಿ ತೆರೆದರೆ ಎದುರು ಮನೆಯವರ ಗೋಡೆ.

"ಸಾಹೇಬ್ರೇ, ಕಾಯೋ ವಸ್ತು ಕಣ್ಣೆದುರಿಗಿರಬೇಕು," ಎಂದೆ. "ನಾನೇನು ಗಲ್ಲಾಪೆಟ್ಟಿಗೇನ ಹಿತ್ತಲಲ್ಲಿಟ್ಟು ವ್ಯಾಪಾರ ಮಾಡ್ತೀನಾ?"

ಅಧಿಕಾರಿಗಳಿಗೆ ಮಾತು ಹಿಡಿಸಿತು. ಕಟ್ಟಡ ಎದ್ದಿತು. ಕುರ್ಚಿ ಹಾಕಿಕೊಂಡು ಕುಳಿತರೆ ಕೆರೆ ಕಾಣಲಿಲ್ಲ. ಮರಗಳು ಅಡ್ಡ ಬಂದವು. 'ಸಂರಕ್ಷಣಾ ದೃಷ್ಟಿಗೆ ಅಡ್ಡಿಯಾಗುವ ಸಸ್ಯಗಳ ತೆರವು' ಎಂಬ ಆದೇಶ ಹೊರಟಿತು, ಮರಗಳು ಹೋದವು. ಹುಲ್ಲಿನಲ್ಲಿ ಹಾವಿರಬಹುದೆಂದು ಗುಮಾಸ್ತರು ಅರ್ಜಿ ಕೊಟ್ಟರು, ಹುಲ್ಲನ್ನೂ ಕೆತ್ತಿಸಲಾಯಿತು. ನನ್ನ ಲಾರಿಗಳು ಹತ್ತುವ ಅಗಲಕ್ಕೆ ತಪಾಸಣಾ ರಸ್ತೆಯೂ ಆಯಿತು. ಈಗ ಕೆರೆ ಅಂಗೈ ಮೇಲಿಟ್ಟಂತೆ ಕಾಣುತ್ತಿತ್ತು.

ಮೊದಲ ಮಳೆಗೆ ಗುಡ್ಡದ ಮಣ್ಣು ಕೆರೆಗೆ ಇಳಿಯಿತು. ಕೆರೆಯಿಂದ ನಲ್ಲಿಗೆ ಬಂತು. ನಲ್ಲಿಯಿಂದ ನನ್ನ ಅಕ್ಕನ ಲಾಂಡ್ರಿಗೆ ಬಂತು.

ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವವಳು. ಡಾಕ್ಟರುಗಳ ಕೋಟು, ಹಾಸಿಗೆಯ ಹೊದಿಕೆ, ಎಲ್ಲ ಬಿಳಿ. ಆ ಕೆಲಸ ಕೈತಪ್ಪಿದರೆ ಲಾಂಡ್ರಿ ಮುಚ್ಚಬೇಕು. ಲಾಂಡ್ರಿ ಮುಚ್ಚಿದರೆ ಅಕ್ಕ ನನ್ನ ಮನೆಗೆ ಬಂದು ಇರುತ್ತಾಳೆ. ಆದ್ದರಿಂದ ವಿಷಯ ನಿಜಕ್ಕೂ ಗಂಭೀರವಾಗಿತ್ತು.

ಅವಳು ಒದ್ದೆ ಕೋಟೊಂದನ್ನು ಹಿಡಿದು ನೇರ ಗುಡ್ಡ ಹತ್ತಿ ಬಂದಳು.

"ನೋಡೋ ಇಲ್ಲಿ! ಇದನ್ನ ಹಾಕ್ಕೊಂಡ್ರೆ ಡಾಕ್ಟರು ಯಾರು, ಗಾರೆ ಕೆಲಸದೋರು ಯಾರು ಅಂತ ಗೊತ್ತಾಗುತ್ತಾ? ಇನ್ನೊಂದ್ಸಲ ಹೀಗೆ ಕಳಿಸಿದ್ರೆ ಬೇರೆಯವರಿಗೆ ಕೊಡ್ತೀವಿ ಅಂದಿದಾರೆ."

"ಸೋಪು ಜಾಸ್ತಿ ಹಾಕಕ್ಕ."

"ಸೋಪಂತೆ! ಮಣ್ಣನ್ನ ಒಗೆದ್ರೆ ಬೆಳ್ಳಗಾಗುತ್ತೇನೋ?"

ಅವಳನ್ನು ಅಧಿಕಾರಿಗಳ ಮುಂದೆ ಕರೆದೊಯ್ದೆ. ಅವರು ಕೋಟನ್ನು ನೋಡಲಿಲ್ಲ, ವರದಿ ನೋಡಿದರು. "ನೀರು ಶುದ್ಧವಾಗಿದೆಯಲ್ಲಮ್ಮ," ಎಂದು ಪ್ರಯೋಗಾಲಯದ ಮೇಡಂ ಅವರನ್ನು ಕರೆಸಿದರು.

"ಹೇಗೆ ಪರೀಕ್ಷೆ ಮಾಡ್ತೀರಮ್ಮ?" ಅಕ್ಕ ಕೇಳಿದಳು.

"ಮೊದಲು ಬಟ್ಟೆಯಲ್ಲಿ ಸೋಸ್ತೀವಿ. ನಾಲ್ಕು ಮಡಿಕೆ. ಆಮೇಲೆ ಯಂತ್ರಕ್ಕೆ ಹಾಕ್ತೀವಿ."

"ಸೋಸಿದ್ಮೇಲೆ ಪರೀಕ್ಷೆ ಏನು ಬಂತು?"

"ಸೋಸದೆ ಹಾಕಿದ್ರೆ ಮಣ್ಣು ಹೋಗಿ ಯಂತ್ರ ಕೆಡುತ್ತೆ. ಯಂತ್ರ ಕೆಟ್ಟರೆ ನೀರು ಶುದ್ಧವಾಗಿದೆ ಅಂತ ಹೇಳೋರು ಯಾರಮ್ಮ?"

ಸೋಸುವ ಬಟ್ಟೆ ನನ್ನ ಅಂಗಡಿಯದೇ. ಒಳ್ಳೆಯ ನೇಯ್ಗೆ, ಒಂದು ಕಣವನ್ನೂ ಬಿಡುವುದಿಲ್ಲ.

ಅಕ್ಕನಿಗೆ ರೇಗಿತು. "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ!"

ಅಧಿಕಾರಿಗಳು ತಾಳ್ಮೆಯಿಂದ ತಿದ್ದಿದರು: "ಬೇಲಿಗೆ ಇನ್ನೂ ಮಂಜೂರಾತಿ ಬಂದಿಲ್ಲಮ್ಮ."

ಇಂಥ ಕಡೆ ವ್ಯಾಪಾರದ ಬುದ್ಧಿ ಬೇಕು. ಗಿರಾಕಿಗೆ ಸೀರೆ ಹಿಡಿಸದಿದ್ದರೆ ನಾವು ಸೀರೆ ಬದಲಿಸುವುದಿಲ್ಲ, ದೀಪದ ಬೆಳಕು ಬದಲಿಸುತ್ತೇವೆ. ನಾನು ಗಂಟಲು ಸರಿಮಾಡಿಕೊಂಡೆ. "ಸಾಹೇಬ್ರೇ, ನೀರಲ್ಲಿ ದೋಷ ಇಲ್ಲ ಅಂತಾಯ್ತು. ನಮ್ಮಕ್ಕನ ಕೈಯಲ್ಲೂ ದೋಷ ಇಲ್ಲ, ಚಿಕ್ಕಂದಿನಿಂದ ಆ ಕೈಯಲ್ಲಿ ಏಟು ತಿಂದವನು ನಾನು, ಬಲ್ಲೆ. ಹಾಗಾದ್ರೆ ಉಳಿದದ್ದು ಬಣ್ಣ. ತಪ್ಪು ಬಣ್ಣದ್ದೇ ಇರಬೇಕು."

ಕೋಣೆಯಲ್ಲಿ ಎಲ್ಲರಿಗೂ ಉಸಿರು ಬಂತು. ಆಸ್ಪತ್ರೆಯ ಮುಖ್ಯಸ್ಥರನ್ನೂ ಸೇರಿಸಿಕೊಂಡು ಸಮಿತಿ ರಚನೆಯಾಯಿತು. ಮಳೆ ನಿಲ್ಲುವ ಮೊದಲೇ ಗೋಡೆಗಳ ಮೇಲೆ ಪ್ರಕಟಣೆ ಅಂಟಿತು:

'ನಲ್ಲಿ ನೀರು ಶುದ್ಧವೆಂದು ಪ್ರಯೋಗಾಲಯದಿಂದ ದೃಢಪಟ್ಟಿರುವ ಪ್ರಯುಕ್ತ, ಸದರಿ ನೀರಿನಲ್ಲಿ ವಿಧಿವತ್ತಾಗಿ ಒಗೆದ ಬಟ್ಟೆಗೆ ಬರುವ ಬಣ್ಣವನ್ನೇ ಬಿಳಿ ಎಂದು ಪರಿಗಣಿಸತಕ್ಕದ್ದು. ಇದಕ್ಕೂ ಮಿಗಿಲಾದ ಬಿಳುಪು ಕಂಡುಬಂದಲ್ಲಿ ಅನಧಿಕೃತ ಬಿಳುಪೆಂದು ಭಾವಿಸಿ ಕ್ರಮ ಜರುಗಿಸಲಾಗುವುದು. ಅಂಗೀಕೃತ ಬಿಳುಪಿನ ಮಾದರಿ ತುಂಡು ಕಚೇರಿಯ ವೇಳೆಯಲ್ಲಿ ವೀಕ್ಷಣೆಗೆ ಲಭ್ಯ.'

ಮಾದರಿ ತುಂಡನ್ನು ಅಕ್ಕನ ಕೋಟಿನಿಂದಲೇ ಕತ್ತರಿಸಿದ್ದರು. ಜನ ಬಂದು ನೋಡಿ, ಮುಟ್ಟಿ, "ಓಹೋ, ಇದಾ ಬಿಳಿ!" ಎಂದು ಹೋದರು. ಗೋದಾಮಿನಲ್ಲಿ ಯಾರೂ ಮೂಸದೆ ಬಿದ್ದಿದ್ದ ಮಣ್ಣುಬಣ್ಣದ ಥಾನುಗಳಿಗೆ ಅಪ್ಪಟ ಬಿಳಿ ಎಂಬ ಚೀಟಿ ಅಂಟಿಸಿದೆ. ಅವು ಬಿಸಿ ದೋಸೆಯಂತೆ ಹೋದವು ಎಂದರೆ ಉತ್ಪ್ರೇಕ್ಷೆ. ದೋಸೆಗೆ ಜನ ಅಷ್ಟು ನೂಕಾಡುವುದಿಲ್ಲ.

ಆಸ್ಪತ್ರೆಯ ಕೆಲಸಕ್ಕೆ ಇನ್ನೊಂದು ಲಾಂಡ್ರಿಯವನು ಪೈಪೋಟಿಗೆ ಬಂದಿದ್ದ. ಅವನಿಗೆ ಸ್ವಂತ ಕೊಳವೆಬಾವಿ ಇತ್ತು. ತಾನು ಒಗೆದ ಹೊದಿಕೆಯನ್ನು ಸಮಿತಿಯ ಮುಂದೆ ಹರವಿ, "ಹಾಲಿನ ಥರ ಬೆಳ್ಳಗಿದೆ ಸಾರ್," ಎಂದ. ಸಮಿತಿ ಮಾದರಿ ತುಂಡಿನೊಡನೆ ಹೋಲಿಸಿ ಅವನನ್ನು ಅನರ್ಹಗೊಳಿಸಿತು. ಹಾಲಿನ ಬಗ್ಗೆಯೂ ಪ್ರತ್ಯೇಕ ಕಡತ ತೆರೆಯುವಂತೆ ಅಧಿಕಾರಿಗಳು ಸೂಚಿಸಿದರು. ಕೆಲಸ ಅಕ್ಕನಿಗೇ ಉಳಿಯಿತು.

ಬೇಸಿಗೆ ಬಂತು. ಮಣ್ಣು ತಳಕ್ಕೆ ಕುಳಿತು ಕೆರೆ ತಿಳಿಯಾಯಿತು. ಅಕ್ಕ ಮತ್ತೆ ಗುಡ್ಡ ಹತ್ತಿ ಬಂದಳು. ಕೈಯಲ್ಲಿ ಮತ್ತೊಂದು ಕೋಟು.

"ಲೋ, ಬಟ್ಟೆ ಬೆಳ್ಳಗಾಗ್ತಿದೆ ಕಣೋ! ಏನು ಮಾಡಿದ್ರೂ ಹೋಗ್ತಿಲ್ಲ. ಸೋಪು ನಿಲ್ಲಿಸಿ ನೋಡಿದೆ, ನೆಲಕ್ಕೆ ಹಾಕಿ ತುಳಿದೂ ನೋಡಿದೆ. ನಾಳೆ ಸಮಿತಿಯೋರು ಬರ್ತಾರೆ."

"ಅಲ್ಲಕ್ಕ, ಆವತ್ತು ಮಣ್ಣು ಅಂತ ಕೂಗಾಡಿದ್ದೆ?"

"ಆವತ್ತಿನ ಮಾತು ಆವತ್ತಿಗೆ. ನಿಮ್ಮ ಗುಡ್ಡ ಯಾಕೆ ಸುಮ್ಮನೆ ಕೂತಿದೆ? ಸಂಬಳ ತಗೊಳಲ್ವಾ ಇವರೆಲ್ಲ? ಇಲ್ಲ ಅಂದ್ರೆ ಹೇಳು, ನಾಳೆಯೇ ಗಂಟುಮೂಟೆ ಕಟ್ಕೊಂಡು ನಿಮ್ಮನೆಗೆ ಬರ್ತೀನಿ."

ನಾನು ಪಕ್ಕದ ಕೋಣೆಗೆ ಓಡಿದೆ. ಅಧಿಕಾರಿಗಳು ಅಹವಾಲನ್ನು ಸಹಾನುಭೂತಿಯಿಂದ ಪರಿಶೀಲಿಸಿದರು. ನೀರಿನ ಗುಣಮಟ್ಟದಲ್ಲಿ ಏರುಪೇರಾಗುವುದು ಸಂರಕ್ಷಣೆಯ ಲೋಪವೆಂದು ಅವರೇ ಒಪ್ಪಿದರು. ಗುಡ್ಡದ ಉಳಿದ ಮಗ್ಗುಲನ್ನೂ ಅಗೆಸಿ, ಕೆರೆಯ ನೀರನ್ನೇ ಪಂಪಿನಿಂದ ಮೇಲಕ್ಕೆತ್ತಿ, ಆ ಮಣ್ಣಿನ ಮೇಲೆ ಹರಿಸಿ, ಮತ್ತೆ ಕೆರೆಗೆ ಇಳಿಸುವ ಯೋಜನೆ ಕೂಡಲೇ ಜಾರಿಗೆ ಬಂತು. ಬಾಧಿತ ನಾಗರಿಕರ ಪರವಾಗಿ ಗುಂಡಿ ಒತ್ತಿದವಳು ಅಕ್ಕ. ಕೆಂಪು ನೀರು ಇಳಿಜಾರಿನಲ್ಲಿ ಧುಮುಕಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಕೋಟು ಮಾದರಿಗೆ ಸರಿಯಾಗಿ ಕೂಡಿತು.

ಕೊನೆಗೆ ಲಾಭ ಇಷ್ಟು. ಅಧಿಕಾರಿಗಳಿಗೆ ಬಡ್ತಿ ಸಿಕ್ಕಿದೆ. ಪ್ರಯೋಗಾಲಯದ ಯಂತ್ರ ಇವತ್ತಿಗೂ ಹೊಚ್ಚ ಹೊಸದರಂತಿದೆ. ಅಕ್ಕ ಅವಳ ಮನೆಯಲ್ಲೇ ಇದ್ದಾಳೆ, ನಾನು ನನ್ನ ಮನೆಯಲ್ಲಿ. ಇದಲ್ಲದೆ, ಮೊದಲು ಬರೀ ನೀರಿದ್ದ ಕೆರೆಯ ನಡುವೆ ಈಗ ಎರಡು ಎಕರೆ ಗಟ್ಟಿ ನೆಲ ಎದ್ದಿದೆ. ಕಚೇರಿ ಅದನ್ನು ಸಂರಕ್ಷಣೆಯಿಂದಾದ ಉತ್ಪತ್ತಿ ಎಂದು ದಾಖಲಿಸಿ ಹರಾಜಿಗಿಟ್ಟಿತು. ಹರಾಜು ನನ್ನ ಹೆಸರಿಗೆ ನಿಂತಿದೆ.