ಔಲಿಸ್ ಪುಕ್ಕಿಲಾನ ಮೂವತ್ತೊಂದು ಭೂಮಿಗಳು

ಕನ್ನಡಕಕ್ಕೆ ಹಬೆ ಹಿಡಿದಾಗ ಯಾವ ಫಾರಮ್ಮನ್ನೂ ತುಂಬಬಾರದು ಎಂಬ ಬುದ್ಧಿ ಔಲಿಸ್ ಪುಕ್ಕಿಲಾನಿಗೆ ಬರುವ ಹೊತ್ತಿಗೆ ಕಾಲ ಮಿಂಚಿತ್ತು. ಹಿಂದಿನ ಶನಿವಾರ ಕಟ್ಟಡದ ನೆಲಮಾಳಿಗೆಯ ಸೌನಾದಲ್ಲಿ, ಅಂದರೆ ಎಲ್ಲರಿಗೂ ಸೇರಿದ ಹಬೆಸ್ನಾನದ ಕೋಣೆಯಲ್ಲಿ, ಬೆವರಿಳಿಸಿ, ಕೆಂಪು ಮೂಲಂಗಿಯಂತಾಗಿ ಮೇಲೆ ಬಂದವನು, ಬಾಗಿಲಲ್ಲಿ ಬಿದ್ದಿದ್ದ ನಗರಸಭೆಯ ಫಾರಂ ತುಂಬಿ ಪೆಟ್ಟಿಗೆಗೆ ಹಾಕಿದ್ದ. ಮನೆ ಎಷ್ಟು ಬಿಸಿ, ಮಾಂಸ ಎಷ್ಟು, ಕಾಫಿ ಎಷ್ಟು, ವಿಮಾನ ಎಷ್ಟು ಎಂದೆಲ್ಲ ಕೇಳಿ, ಲೋಕವೆಲ್ಲ ನಿಮ್ಮಂತೆಯೇ ಬದುಕಿದರೆ ಎಷ್ಟು ಭೂಮಿಗಳು ಬೇಕು ಎಂದು ಲೆಕ್ಕ ಕೊಡುವ ಫಾರಂ ಅದು.

ಈ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಧಡಧಡ ಎಂದಿತು. ಹೊರಗೆ ಹಿಲ್ಲೆವಿ ಮೇಡಂ, ಕೈಯಲ್ಲಿ ನಗರಸಭೆ ಕಳಿಸಿದ ಲೆಕ್ಕದ ಪಟ್ಟಿ. ನಲವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು, ಈಗ ನಿವಾಸಿಗಳ ಸಂಘದ ಅಧ್ಯಕ್ಷರು. ಹೊರಗಿನ ಮೈನಸ್ ಇಪ್ಪತ್ತೇಳಕ್ಕಿಂತ ಅವರ ಮುಖ ತಣ್ಣಗಿತ್ತು.

"ಪುಕ್ಕಿಲಾ, ನಿಮ್ಮೊಬ್ಬರಿಗೆ ಎಷ್ಟು ಭೂಮಿ ಬೇಕಂತೆ ಗೊತ್ತಾ? ಮೂವತ್ತೊಂದು!"

"ನಂಗಾ? ನನ್ನ ಮನೆ ಇರೋದೇ ಮೂವತ್ತೊಂದು ಚದರ ಮೀಟರು ಮೇಡಂ."

"ಕಟ್ಟಡದ ಸರಾಸರಿ ನಾಲ್ಕು ದಾಟಿದ್ರೆ ವಸಂತದವರೆಗೆ ಸೌನಾ ಬಂದ್ ಅಂತ ನಾವೇ ಠರಾವು ಮಾಡಿದ್ದೀವಿ. ಸಂಜೆ ನಾಲ್ಕಕ್ಕೆ ನಗರಸಭೆಯಿಂದ ತಪಾಸಣೆಗೆ ಬರ್ತಾರೆ. ನಿಮ್ಮಿಂದ ಹದಿಮೂರು ಮನೆಯೋರು ನಡುಗಬೇಕು!"

ಔಲಿಸ್ ಐವತ್ನಾಲ್ಕು ವರ್ಷದ ಒಂಟಿ ಜೀವ, ಅಂಚೆ ಕಚೇರಿಯಲ್ಲಿ ದಿನವೆಲ್ಲ ಕಾಗದ ವಿಂಗಡಿಸುವ ಕೆಲಸ. ವಾರದಲ್ಲಿ ಅವನಿಗೆ ಇದ್ದ ಸುಖ ಒಂದೇ: ಶನಿವಾರ ಆರು ಗಂಟೆಗೆ ಸೌನಾದ ಸರದಿ.

ಅಷ್ಟರಲ್ಲಿ ಮೂರನೇ ಮಹಡಿಯ ರೈಲಿ ಇಳಿದುಬಂದು ಪಟ್ಟಿಗೆ ಇಣುಕಿದಳು. ಹೆಸರು ರೈಲಿ, ಓಡಾಟವೆಲ್ಲ ವಿಮಾನದಲ್ಲಿ. ಕ್ಯಾನರಿ ದ್ವೀಪದ ಬಿಸಿಲಿಗೆ ಸುಟ್ಟ ಮೂಗು ಇನ್ನೂ ಸಿಪ್ಪೆ ಸುಲಿಯುತ್ತಿತ್ತು.

"ವಾರಕ್ಕೆ ನಲವತ್ತೆರಡು ಗಂಟೆ ವಿಮಾನ ಅಂತ ಬರ್ದಿದ್ದೀರಲ್ರೀ! ನಾನು ಹಾರಿದಾಗೆಲ್ಲ ಒಂದೊಂದು ಗಿಡ ನೆಡಿಸ್ತೀನಿ. ನೀವು ಒಂದು ಹುಲ್ಲುಕಡ್ಡಿನಾದ್ರೂ ನೆಟ್ಟಿದ್ದೀರಾ?"

"ನಾನು ಜನ್ಮದಲ್ಲಿ ವಿಮಾನ ಹತ್ತಿಲ್ಲ."

"ಹಾಗಾದ್ರೆ ವಾರಪೂರ್ತಿ ಯಾಕೆ ಯಾರ ಕಣ್ಣಿಗೂ ಬೀಳಲ್ಲ?"

"ಕೆಲಸ ಮುಗಿದ್ರೆ ಮನೇಲೇ ಇರ್ತೀನಿ. ಅದಕ್ಕೇ ಬೀಳಲ್ಲ."

ರೈಲಿ ಹಿಲ್ಲೆವಿಯವರ ಕಡೆ ನೋಡಿ ಕಣ್ಣು ಹೊಡೆದಳು. ಸುಳ್ಳುಗಾರರೆಲ್ಲ ಹೀಗೇ ಎಂಬಂತೆ.

ಮಾಂಸ ವಾರಕ್ಕೆ ಹದಿನೆಂಟು ಕಿಲೋ ಎಂದೂ ಫಾರಮ್ಮಿನಲ್ಲಿತ್ತು. ಕೂಡಲೇ ಫ್ರೀಜರಿನ ಶೋಧನೆ ನಡೆಯಿತು. ಸಿಕ್ಕಿದ್ದು ಎರಡು ಪುಟ್ಟ ಮೀನು, ಒಂದು ಡಬ್ಬಿ ಕಾಡುಹಣ್ಣು.

"ಉಳಿದಿದ್ದನ್ನೆಲ್ಲ ತಿಂದು ಮುಗಿಸಿದ್ದಾರೆ," ಎಂದು ಹಿಲ್ಲೆವಿ ತೀರ್ಪು ಕೊಟ್ಟು, ಹೊರಗೇ ಇಷ್ಟು ಚಳಿ ಇರುವಾಗ ಕರೆಂಟ್ ಯಾಕೆ ಎಂದು ಮೀನನ್ನು ಕಿಟಕಿಯ ಹೊರಗೆ ನೇತುಹಾಕಿಸಿದರು. ಐದು ನಿಮಿಷದಲ್ಲಿ ಎರಡು ಕಾಗೆಗಳು ಬಂದು ಊಟ ಮುಗಿಸಿಕೊಂಡು ಹೋದವು.

ಮಧ್ಯಾಹ್ನ ಎದುರು ಮನೆಯ ಎಂಜಿನಿಯರ್ ಕಾಲೆರ್ವೋ ತನ್ನ ಹೊಸ ಕ್ಯಾಮೆರಾ ತಂದ. ಮನೆಯ ಬಿಸಿ ಎಲ್ಲಿ ಸೋರುತ್ತಿದೆ ಎಂದು ಕೆಂಪು ಬಣ್ಣದಲ್ಲಿ ತೋರಿಸುವ ಯಂತ್ರ. ಗೋಡೆ ನೀಲಿ, ಕಿಟಕಿ ನೀಲಿ, ಬಾಗಿಲೂ ನೀಲಿ. ಒಮ್ಮೆಲೇ ಕಿರುಚಿದ: "ಸಿಕ್ತು! ಇಲ್ಲಿ ಭಯಂಕರ ಸೋರ್ತಿದೆ!"

"ಅದು ನಾನು," ಎಂದ ಔಲಿಸ್.

"ಹೌದಾ? ಹಾಗಾದ್ರೆ ಸೋರ್ತಿರೋರು ನೀವೇ. ಎದೆ ಹತ್ರ ಮೂವತ್ತಾರು ಡಿಗ್ರಿ! ಇಷ್ಟು ಬಿಸಿ ಯಾಕ್ರೀ ಬೇಕು ನಿಮಗೆ?"

"ಬದುಕಿದ್ದೀನಲ್ಲ, ಅದಕ್ಕೆ ಇರಬೇಕು."

"ನೆಪ ಹೇಳಬೇಡಿ."

ಚಳಿ ತಡೆಯಲು ಚಾವಣಿಗೆ ತಂದಿಟ್ಟಿದ್ದ ಗಾಜಿನ ಉಣ್ಣೆಯನ್ನು ಅವನಿಗೇ ಕಂಕುಳಿಂದ ಮಂಡಿಯವರೆಗೆ ಸುತ್ತಿ, ಕೈಗಳನ್ನೂ ಸೇರಿಸಿ ಅಂಟುಪಟ್ಟಿ ಹಾಕಿದರು. ಗೋಡೆಯ ಹೀಟರು ಆರಿಸಿದರು. ಕಾಫಿ ಯಂತ್ರವನ್ನು ರೈಲಿ "ಸುರಕ್ಷಿತವಾಗಿರಲಿ" ಎಂದು ತನ್ನ ಮನೆಗೆ ಒಯ್ದಳು. ಔಲಿಸ್ ಸುರುಳಿ ಸುತ್ತಿಟ್ಟ ಹಾಸಿಗೆಯಂತೆ ಗೋಡೆಗೊರಗಿ ನಿಂತು ಮೈ ಕೆರೆದುಕೊಳ್ಳಲಾಗದೆ ಒದ್ದಾಡಿದ. ಬರುಬರುತ್ತ ಅವನಿಗೂ ಅನುಮಾನ ಶುರುವಾಯಿತು. ನಿದ್ದೆಗಣ್ಣಲ್ಲಿ ಎಲ್ಲಾದರೂ ಹಾರಿಬಂದೆನೆ?

ನಾಲ್ಕಕ್ಕೆ ಸರಿಯಾಗಿ ನಗರಸಭೆಯ ಇಂಕೆರಿ ಸೈಕಲ್ಲಿನಲ್ಲಿ ಬಂದಳು. ಹುಬ್ಬಿನ ಮೇಲೆಲ್ಲ ಹಿಮ. ಉಣ್ಣೆ ಸುತ್ತಿಕೊಂಡ ಮನುಷ್ಯನನ್ನು ನೋಡಿ ಒಂದು ಹೆಜ್ಜೆ ಹಿಂದಿಟ್ಟಳು, ಆಮೇಲೆ ಫಾರಮ್ಮಿನ ಮೇಲೆ ಬೆರಳಾಡಿಸಿದಳು.

"ಮನೆ ಎಷ್ಟು ಬಿಸಿ ಅನ್ನೋ ಕಡೆ ಖಾಲಿ ಇದೆ. ಮಾಂಸದ ಕಡೆ ಹದಿನೆಂಟು. ಸಹಿ ಹಾಕೋ ಜಾಗದಲ್ಲಿ ಸೊನ್ನೆ. ಸಹಿ ಕಾಗದದ ಅಂಚಲ್ಲಿ... ಯಜಮಾನ್ರೇ, ವಾರಕ್ಕೆ ನಲವತ್ತೆರಡು ಕಪ್ ಕಾಫಿ ಕುಡೀತೀರಾ?"

"ದಿನಕ್ಕೆ ಆರು. ಜಾಸ್ತಿ ಆಯ್ತಾ?"

"ಎಲ್ಲ ಉತ್ತರಾನೂ ಒಂದೊಂದು ಸಾಲು ಕೆಳಗೆ ಬರ್ದಿದ್ದೀರಿ!"

ಅವಳು ಸಾಲು ಸರಿಪಡಿಸಿ ಮತ್ತೆ ಲೆಕ್ಕ ಹಾಕಿದಳು. ಇನ್ನೊಮ್ಮೆ ಹಾಕಿದಳು. "ಮುಕ್ಕಾಲು ಭೂಮಿ! ಈ ಊರಲ್ಲಿ ಒಂದು ಭೂಮಿಯೊಳಗೆ ಬದುಕ್ತಿರೋರು ಇವರೊಬ್ಬರೇ!"

ಹಿಲ್ಲೆವಿ ಮೇಡಂ ತಾವೇ ಮುಂದೆ ಬಂದು ಅಂಟುಪಟ್ಟಿ ಕಿತ್ತರು. ಕೈಯ ಕೂದಲೂ ಜೊತೆಗೆ ಬಂತು. ಔಲಿಸ್ ಲೆಕ್ಕಿಸಲಿಲ್ಲ.

"ಹಾಗಾದ್ರೆ ಆರು ಗಂಟೆಗೆ ಸೌನಾ ಇದೆಯಾ?"

"ಧಾರಾಳವಾಗಿ," ಎಂದಳು ಇಂಕೆರಿ.

ಔಲಿಸ್ ಹಿರಿಹಿರಿ ಹಿಗ್ಗಿ ಟವೆಲ್ ಹುಡುಕಲು ಒಳಗೆ ಹೋದ. ಬಾಗಿಲಲ್ಲಿ ಕಾಲೆರ್ವೋ ಪೆನ್ಸಿಲ್ ಕಚ್ಚುತ್ತ ಇಂಕೆರಿಯನ್ನು ಕೇಳಿದ, "ಮೇಡಂ, ಮನೇಲಿ ಎಷ್ಟು ಜನ ಅಂತ ನೋಡಿ ಸರಾಸರಿ ತೆಗೀತೀರಲ್ಲ? ಈ ಪುಕ್ಕಿಲಾ ನಮ್ಮ ಮನೆಯೋರಾದ್ರೆ?"

"ನಿಮ್ಮ ಮನೆ ಲೆಕ್ಕ ಇಳಿಯತ್ತೆ."

ಅಷ್ಟೇ. ರೈಲಿ ಕಾಲೆರ್ವೋನನ್ನು ಮೊಣಕೈಯಿಂದ ತಳ್ಳಿ ಒಳನುಗ್ಗಿದಳು. "ಔಲಿಸ್, ಚಿನ್ನ, ನಮ್ಮನೆಗೆ ಬನ್ನಿ! ನಿಮ್ಮ ಕಾಫಿ ಯಂತ್ರ ಆಗ್ಲೇ ಅಲ್ಲಿದೆ!"

"ನಮ್ಮನೇಲಿ ದಿನಾ ಸಾಲ್ಮನ್ ಸಾರು!" ಎಂದು ಕಾಲೆರ್ವೋ ಅವನ ಎಡಗೈ ಹಿಡಿದ. ಬಲಗೈಯನ್ನು ರೈಲಿ ಹಿಡಿದಿದ್ದಳು. ಮೇಲಿನ ಮಹಡಿಯವರೂ ಇಳಿದುಬಂದರು. ಇಪ್ಪತ್ತು ವರ್ಷದಲ್ಲಿ ಅವನಿಗೆ ನಮಸ್ಕಾರ ಹೇಳದವರೆಲ್ಲ ಅಣ್ಣ, ತಮ್ಮ, ಮಾವ ಎಂದು ಎಳೆದಾಡಿದರು.

ಹಿಲ್ಲೆವಿ ಚಪ್ಪಾಳೆ ತಟ್ಟಿ ತರಗತಿಯನ್ನು ಸುಮ್ಮನಾಗಿಸಿದರು. ಮೆಟ್ಟಿಲ ಮೇಲೇ ಸಭೆ ಸೇರಿತು, ಕೈ ಎತ್ತಿ ಠರಾವು ಆಯಿತು: ಔಲಿಸ್ ಪುಕ್ಕಿಲಾ ಹನ್ನೆರಡು ಮನೆಗಳಲ್ಲಿ ತಿಂಗಳಿಗೊಂದರಂತೆ ಕುಟುಂಬದ ಸದಸ್ಯನಾಗಿರತಕ್ಕದ್ದು. ಅವನ ಸ್ವಂತ ಮನೆಗೆ ಬೀಗ, ಹೀಟರು ಬಂದ್.

"ನನ್ನನ್ನೂ ಒಂದು ಮಾತು..." ಎಂದ ಔಲಿಸ್.

"ಖಾಲಿ ಮನೆ ಅಂದ್ರೆ ಸೊನ್ನೆ! ಎಂಥ ತ್ಯಾಗ!" ಎಂದು ಇಂಕೆರಿ ಕಣ್ಣೊರೆಸಿಕೊಂಡಳು.

ಚೀಟಿ ಎತ್ತಿದರು. ಮೊದಲ ತಿಂಗಳು ಹಿಲ್ಲೆವಿಯವರ ಪಾಲಿಗೆ ಬಂತು.

ಏನೇ ಆಗಲಿ, ಸೌನಾ ಉಳಿಯಿತಲ್ಲ ಎಂದು ಔಲಿಸ್ ಸಮಾಧಾನ ಮಾಡಿಕೊಂಡ. ಆರಕ್ಕೆ ಐದು ನಿಮಿಷವಿರುವಾಗ ಟವೆಲ್ ಹೆಗಲಿಗೆ ಹಾಕಿ ನೆಲಮಾಳಿಗೆಗೆ ಇಳಿದ. ಒಳಗಿಂದ ರೈಲಿಯ ಮನೆಯವರ ನಗು, ಕಾದ ಕಲ್ಲಿನ ಮೇಲೆ ನೀರು ಬಿದ್ದ ಚುಂಯ್ ಸದ್ದು.

"ಇದು ನನ್ನ ಸರದಿ!" ಎಂದು ಬಾಗಿಲು ಬಡಿದ.

"ಸರದಿ ಇರೋದು ಮನೆಗೆ, ಮನುಷ್ಯನಿಗಲ್ಲ. ಬೀಗ ಹಾಕಿದ ಮನೆಗೆ ಎಲ್ಲಿಯ ಸರದಿ?" ಹಿಂದಿನಿಂದ ಹಿಲ್ಲೆವಿಯವರ ದನಿ ಬಂತು.

"ಹೋಗ್ಲಿ, ನಾನೀಗ ನಿಮ್ಮ ಮನೆಯೋನಲ್ವಾ? ನಿಮ್ಮ ಸರದಿ ಯಾವಾಗ?"

"ನಾನು ಅದನ್ನ ಬಿಟ್ಟುಕೊಟ್ಟು ಹತ್ತು ವರ್ಷ ಆಯ್ತು. ದಂಡದ ಖರ್ಚು." ಔಲಿಸ್ ತಿರುಗಿ ನೋಡಿದ. ಮೇಡಂ ಈಜುಡುಗೆಯ ಮೇಲೆ ಓವರ್‌ಕೋಟು ಹಾಕಿ, ಒಂದು ಕೈಯಲ್ಲಿ ಲಾಟೀನು, ಇನ್ನೊಂದು ಕೈಯಲ್ಲಿ ಮಂಜುಗಡ್ಡೆ ಕೊರೆಯುವ ಗರಗಸ ಹಿಡಿದು ನಿಂತಿದ್ದರು. "ನಮ್ಮನೇಲಿ ಶನಿವಾರ ಹೆಪ್ಪುಗಟ್ಟಿದ ಕೆರೇಲಿ ಸ್ನಾನ. ಟವೆಲ್ ಹೇಗೂ ತಂದಿದ್ದೀರಿ, ನಡೀರಿ."