ಬಾಸ್‌ನ ಮುತ್ತಜ್ಜನ ಏಳನೇ ನಂಬರ್ ಮನೆ

ಬಾಸ್‌ನ ವಂಶವೃಕ್ಷಕ್ಕೆ ನೀರು ಹೊಯ್ಯುವ ಕೆಲಸ ಶತ್ರುವಿಗೂ ಬರಬಾರದು. ನನಗೆ ಬಂತು. ದೋಹಾದ ಅಲ್ ಸದ್ದ್‌ನಲ್ಲಿರುವ ನಮ್ಮ ಆಫೀಸಿನ ಮ್ಯಾನೇಜರ್ ಡೆಕ್ಲನ್ ಐರ್ಲೆಂಡಿನವನು. ಒಳ್ಳೆಯ ಮನುಷ್ಯನೇ. ಆದರೆ ತಾನೂ ತಪ್ಪಬಹುದು ಎಂಬ ಸುದ್ದಿ ಅವನಿಗೆ ಇನ್ನೂ ತಲುಪಿರಲಿಲ್ಲ. ತಲುಪಿಸಬೇಕಾದ ನಾವೆಲ್ಲ ಅವನ ಸಹಿ ಬಿದ್ದರೆ ಮಾತ್ರ ಊರಿಗೆ ಹೋಗಿಬರುವವರು.

ಐರ್ಲೆಂಡಿನ ಹಳೆಯ ಜನಗಣತಿಯ ಹಾಳೆಗಳು ಈಗ ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. 1901ರ ಹಾಳೆಯೊಂದರಲ್ಲಿ ಡೆಕ್ಲನ್‌ಗೆ ತನ್ನ ತಾಯಿಯ ಅಜ್ಜನ ಹೆಸರು ಸಿಕ್ಕಿತು. ಪಕ್ಕದಲ್ಲಿ ಮನೆ ನಂಬರ್ ಏಳು. ಅಷ್ಟು ಸಾಕಾಯಿತು. ಬೇಸಿಗೆ ರಜೆಯಲ್ಲಿ ಆ ಊರಿಗೆ ಹೋಗಿ, ಆ ಬೀದಿಯಲ್ಲಿ ಏಳೆಂದು ಬರೆದ ಬಾಗಿಲು ಹುಡುಕಿ, ಹೊಸ್ತಿಲಿಗೆ ಮುತ್ತಿಟ್ಟು, ಕಣ್ಣೀರು ಒರೆಸಿಕೊಳ್ಳುತ್ತಾ ಫೋಟೊ ತೆಗೆಸಿಕೊಂಡು ಬಂದ. ಆ ಮನೆಯವರು ಪಾಪ, ಹೆದರಿ ಚಹಾ ಕೊಟ್ಟರಂತೆ.

"ಅಮ್ಮ ಚಿಕ್ಕಂದಿನಲ್ಲೇ ಬಿಟ್ಟುಬಂದ ಮನೆ ಇದು. ಎಂಬತ್ತನೇ ಹುಟ್ಟುಹಬ್ಬಕ್ಕೆ ದೋಹಾಕ್ಕೆ ಬರುತ್ತಾಳೆ, ಸರ್‌ಪ್ರೈಸ್ ಕೊಡಬೇಕು. ನೀನೊಂದು ಚಂದದ ವಂಶವೃಕ್ಷ ಮಾಡಿಕೊಡು. ನೀವು ಇಂಡಿಯನ್ನರು ನಂಬರಿನಲ್ಲಿ ಚುರುಕು" ಎಂದ. ಗಣಿತದ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದುದು ಅವನಿಗೇನು ಗೊತ್ತು!

ಕೂತು ನೋಡಿದೆ. ಹತ್ತು ವರ್ಷದ ನಂತರದ ಜನಗಣತಿಯಲ್ಲಿ ಅದೇ ಕುಟುಂಬ ಹನ್ನೆರಡನೇ ನಂಬರಿನಲ್ಲಿತ್ತು. ಮನೆ ಬದಲಾಯಿಸಿದರೇನೋ ಎಂದುಕೊಂಡರೆ, ಎಡಬಲದ ನೆರೆಯವರೂ ಅವರೇ! ಇಡೀ ಬೀದಿಗೆ ಬೀದಿಯೇ ಎದ್ದು ಐದು ಮನೆ ಮುಂದಕ್ಕೆ ಜರುಗಲು ಅದೇನು ಸಿನಿಮಾ ಕ್ಯೂವೇ? ಇನ್ನಷ್ಟು ಓದಿದಾಗ ವಿಷಯ ತಿಳಿಯಿತು. ಅದು ಬಾಗಿಲ ಮೇಲಿನ ನಂಬರೇ ಅಲ್ಲ. ಲೆಕ್ಕಕ್ಕೆ ಬಂದ ಪೊಲೀಸಪ್ಪ ತನ್ನ ಹಾಳೆಯಲ್ಲಿ ಮನೆಗಳಿಗೆ ಕೊಟ್ಟುಕೊಂಡು ಹೋದ ಕ್ರಮಸಂಖ್ಯೆ. ಮುಂದಿನ ಸಲ ಬಂದವನು ಬೀದಿಯ ಇನ್ನೊಂದು ಕಡೆಯಿಂದ ಶುರುಮಾಡಿದ್ದರೆ ಮುಗಿಯಿತು.

ಪಕ್ಕದ ಕುರ್ಚಿಯ ಅಶ್ರಫ್‌ಗೆ ಹೇಳಿದೆ. ಅವನು ಉಪ್ಪಿನಂಗಡಿಯವನು, ಕತಾರಿನಲ್ಲಿ ನನಗಿಂತ ಹಳಬ.

"ನಿನ್ನ ಲೀವ್ ಸೈನ್ ಆಯ್ತಾ?"

"ಇಲ್ಲ."

"ಹಾಗಾದ್ರೆ ಖಲಾಸ್. ಬಾಯಿ ಮುಚ್ಚಿಕೊಂಡು ಕೂತ್ಕೋ ಮಾರಾಯ. ಅವನ ಮುತ್ತಜ್ಜ ಎಲ್ಲಿದ್ರೆ ನಿಂಗೇನು?"

ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಹೆಂಡತಿ ಶಶಿಕಲಾ ಬೇರೆಯೇ ಹೇಳಿದಳು. "ಆ ಮುದುಕಿ ಹುಟ್ಟಿ ಆಡಿದ ಮನೆ ಅಲ್ವಾ? ನೋಡಿದ ಕೂಡ್ಲೇ ಗೊತ್ತಾಗ್ತದೆ. ಈಗ್ಲೇ ಹೇಳಿಬಿಡಿ."

ನಾನು ಇಬ್ಬರ ಮಾತನ್ನೂ ತೂಗಿ ನೋಡಿ, ನನಗೆ ಸುಲಭವಾದದ್ದನ್ನು ಆರಿಸಿಕೊಂಡೆ. ವಂಶವೃಕ್ಷದಲ್ಲಿ ಹನ್ನೆರಡು ಹೇಗೆ ಬಂತೆಂದು ಡೆಕ್ಲನ್ ಕೇಳಿದಾಗ, "ಕುಟುಂಬಕ್ಕೆ ಏಳಿಗೆಯಾಗಿ ಇನ್ನೊಂದು ಮನೆಯನ್ನೂ ಮಾಡಿಕೊಂಡಿರಬೇಕು ಸರ್" ಎಂದುಬಿಟ್ಟೆ. ಖುಷಿಯಿಂದ ಅಂದೇ ರಜೆಗೆ ಸಹಿ ಹಾಕಿದ.

ಮದೀನತ್ ಖಲೀಫಾದ ಅವನ ವಿಲ್ಲಾದಲ್ಲಿ ಪಾರ್ಟಿ. ಇಡೀ ಆಫೀಸು ಚಪ್ಪಾಳೆ ತಟ್ಟಲು ಕೈ ಎತ್ತಿಕೊಂಡು ನಿಂತಿತ್ತು. ಡೆಕ್ಲನ್ ಗೋಡೆಯಗಲದ ಫೋಟೊದ ಮೇಲಿನ ಬಟ್ಟೆ ಸರಿಸಿದ. ಸಣ್ಣ ಆಕೃತಿಯ ಆ ತಾಯಿ ಕನ್ನಡಕ ಸರಿಪಡಿಸಿಕೊಂಡು ಹತ್ತಿರ ಹೋಗಿ ನೋಡಿದರು.

"ಇದು ನಮ್ಮ ಬಾತುಕೋಳಿ ಕದ್ದವರ ಮನೆ! ನಮ್ಮಪ್ಪ ಸಾಯುವ ತನಕ ಇವರನ್ನು ಮಾತಾಡಿಸಲಿಲ್ಲ. ನೀನು ಇವರ ಹೊಸ್ತಿಲಿಗೆ ಮುತ್ತಿಟ್ಟೆಯಾ?"

ಕೆಲವರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿಯೇಬಿಟ್ಟರು. ಡೆಕ್ಲನ್ ಕೆಂಪಾಗಿ ನನ್ನ ಕಡೆ ತಿರುಗಿದ. ಅವನಿಗಿಂತ ಮುಂಚೆ ತಾಯಿಯೇ ನನ್ನ ಮುಖ ಓದಿದರು.

"ನಿನಗೆ ಗೊತ್ತಿತ್ತು, ಅಲ್ಲವೇ?"

"ಸ್ವಲ್ಪ ಅನುಮಾನವಿತ್ತು ಮೇಡಂ" ಎಂದೆ. ಅಶ್ರಫ್ ಕೇಕಿನ ಹತ್ತಿರ ಹೋಗಿ ನಿಂತ.

"ಮಗನೇ, ನಿನ್ನ ಸುತ್ತ ಇಷ್ಟೊಂದು ಜನ ಇದ್ದಾರೆ. ಬೇಡ ಅನ್ನುವವನು ಒಬ್ಬನೂ ಇಲ್ಲ" ಎಂದು ಆಕೆ ನಿಟ್ಟುಸಿರುಬಿಟ್ಟು ಕುಳಿತರು. ಆ ಮಾತು ಅವನಿಗಿಂತ ನನಗೇ ಹೆಚ್ಚು ಚುಚ್ಚಿತು. ಆದರೂ ಊಟ ಮಾಡಿಯೇ ಬಂದೆ.

ಇಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರ ಡೆಕ್ಲನ್ ಕರೆದ. ಕೆಲಸ ಹೋಯಿತೆಂದೇ ಒಳಗೆ ಹೋದೆ. ಅವನು ಬಯ್ಯಲಿಲ್ಲ. "ಸತ್ಯ ಗೊತ್ತಿದ್ದೂ ಹೇಳದೆ ನಗುನಗುತ್ತಾ ಮಾತಾಡುವವನು ನಮಗೆ ಒಂದು ಕಡೆ ತುರ್ತಾಗಿ ಬೇಕಿದ್ದಾನೆ. ಯಲ್ಲಾ, ನಡೆ, ಇವತ್ತೇ ಹೋಗು" ಎಂದು ನನ್ನನ್ನು ಗ್ರಾಹಕರ ದೂರು ವಿಭಾಗಕ್ಕೆ ಕಳಿಸಿದ.

ಶಶಿಕಲಾ ಊರಿಗೆಲ್ಲ ಫೋನ್ ಮಾಡಿ ನನಗೆ ಪ್ರಮೋಷನ್ ಆಯಿತೆಂದು ಸಾರಿದ್ದಾಳೆ. ಅಭಿನಂದನೆಗಳು ಬರುತ್ತಲೇ ಇವೆ. ನಾನು ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದೇನೆ.