ತಡೆದಿಟ್ಟ ಹೊಗೆ

ಬೆಳ್ಳಂಬೆಳಿಗ್ಗೆ ಟೇಪಣ್ಣನ ಮಗಳು ಸೈಕಲ್ ಸಮೇತ ಮೋರಿಗೆ ಬಿದ್ದು, ಮೈಯೆಲ್ಲ ಕೆಸರಾಗಿ ಬಂದಳು. ಹಿಂದಿನಿಂದ ಬಂದ ಲಾರಿಗೆ ದಾರಿ ಬಿಟ್ಟದ್ದೇ ತಪ್ಪಾಗಿತ್ತು.

"ಇವತ್ತು ಸೈಕಲ್ ದಾರಿ ಮಂಜೂರು ಮಾಡಿಸಿಯೇ ಬರ್ತೀನಿ, ನೋಡ್ತಿರು!" ಎಂದು ಅವನು ಮಗಳಿಗೆ ಮಾತು ಕೊಟ್ಟ.

ಟೇಪಣ್ಣ ಪುರಸಭೆಯ ಎಂಜಿನಿಯರು. ಅಳತೆಯ ಟೇಪು ಸದಾ ಕೊರಳಲ್ಲೇ ಇರುತ್ತಿದ್ದುದರಿಂದ ಊರವರು ಇಟ್ಟ ಹೆಸರು ಅದು. ವಾಹನದ ಹೊಗೆ ತಗ್ಗಿಸಲು ದೇಶಕ್ಕೆಲ್ಲ ಹೊಸ ಸಾರಿಗೆ ಕಾನೂನು ಬಂದಿತ್ತು. ಸೈಕಲ್ ದಾರಿಗೆ ಅದರಲ್ಲಿ ಅನುದಾನವಿತ್ತು. ಊರನ್ನು ಪರೀಕ್ಷಿಸಲು ರಾಜಧಾನಿಯ ಮೇಡಂ ಅವತ್ತೇ ಬರುವವರಿದ್ದರು.

"ನಾವು ಸೈಕಲ್ ಜನ ಅಂತ ತೋರಿಸಿದ್ರೆ ತಾನೇ ದಾರಿ ಕೊಡೋದು? ಒಂದು ಗಾಡಿನೂ ಹೊರಗೆ ಬರಬಾರದು ಕಣಪ್ಪ!" ಎಂದು ಪಕ್ಕದ ಮನೆ ದರ್ಜಿಯಮ್ಮ ಕೇಳದೆಯೇ ಸಲಹೆ ಕೊಟ್ಟಳು.

ಹೌದಲ್ಲ ಅನ್ನಿಸಿತು ಅವನಿಗೆ. ಲಾರಿಗಳನ್ನೆಲ್ಲ ಊರಾಚೆ ತಡೆಸಿದ. ತನ್ನ ಆಫೀಸಿನ ಜೀಪನ್ನೂ ಶೆಡ್ಡಿಗೆ ತಳ್ಳಿಸಿದ. ಊರವರೆಲ್ಲ ಸೈಕಲ್ಲಲ್ಲೇ ಓಡಾಡಬೇಕೆಂದು ಕಟ್ಟಪ್ಪಣೆ ಮಾಡಿದ. ಯಾವುದೋ ಕಾಲದಲ್ಲಿ ಸೈಕಲ್ ಬಿಟ್ಟಿದ್ದ ಡಾಕ್ಟರು ಬ್ರೇಕ್ ಮರೆತು ತಮ್ಮ ರೋಗಿಯ ಮೇಲೇ ಹೋದರು. ದರ್ಜಿಯಮ್ಮನಿಗೆ ಸೈಕಲ್ಲೇ ಬರದು. ಗಂಡನ ಸೈಕಲ್ಲನ್ನು ತಳ್ಳಿಕೊಂಡೇ ಊರೆಲ್ಲ ಸುತ್ತಿದಳು. ಲಾರಿ ಡ್ರೈವರುಗಳು ವಾಚಾಮಗೋಚರವಾಗಿ ಬೈದರು. ಟೇಪಣ್ಣ ಜಗ್ಗಲಿಲ್ಲ.

ರೈಲಿಳಿದು ಬಂದ ಮೇಡಂ ಊರು ಸುತ್ತಿ ನೋಡಿ ಮೂಗರಳಿಸಿದರು. "ಅಬ್ಬಾ! ಒಂದು ಚೂರೂ ಹೊಗೆ ಇಲ್ಲ!"

"ಹಾಗಾದ್ರೆ ದಾರಿ ಮಂಜೂರು ತಾನೇ, ಮೇಡಂ?"

"ನಿಮಗ್ಯಾಕ್ರೀ? ದುಡ್ಡಿರೋದು ಹೊಗೆ ಕಡಿಮೆ ಮಾಡೋಕೆ. ಇಲ್ಲದ ಹೊಗೇನ ಎಲ್ಲಿಂದ ಕಡಿಮೆ ಮಾಡ್ತೀರಿ? ನಿನ್ನೆ ಪಕ್ಕದೂರಿಗೆ ಹೋಗಿದ್ದೆ, ಉಸಿರಾಡೋಕಾಗಲ್ಲ. ಅವರಿಗೇ ಕೊಡ್ತೀನಿ."

ಟೇಪಣ್ಣ ಕೈಮುಗಿದ. "ಮೇಡಂ, ನಿಜ ಹೇಳ್ತೀನಿ, ನಮ್ಮೂರಲ್ಲೂ ಬೇಕಾದಷ್ಟು ಹೊಗೆ ಇದೆ! ನಾನೇ ತಡೆದಿಟ್ಟಿದ್ದೀನಿ!"

"ಅದನ್ನೇ ನಾನು ಹೇಳ್ತಿರೋದು! ತಡೆಯೋಕೆ ನೀವಿದ್ದೀರಲ್ಲ. ಅಂದಹಾಗೆ, ಶೆಡ್ಡಲ್ಲಿ ಜೀಪು ಸುಮ್ಮನೆ ನಿಂತಿದೆ. ಪಕ್ಕದೂರಿನ ಕೆಲಸಕ್ಕೆ ಕಳಿಸಿಬಿಡಿ."

ಸಂಜೆ ಟೇಪಣ್ಣ ದರ್ಜಿಯಮ್ಮ ತಳ್ಳುತ್ತಿದ್ದ ಸೈಕಲ್ ಹತ್ತಿ ಮನೆಗೆ ಹೊರಟ. ದಿನವಿಡೀ ತಡೆದಿಟ್ಟ ಲಾರಿಗಳನ್ನು ಆಗಷ್ಟೇ ಬಿಟ್ಟಿದ್ದರು. ಎಲ್ಲವೂ ಒಟ್ಟಿಗೆ ಹಾರ್ನ್ ಹೊಡೆಯುತ್ತ ಹಿಂದಿನಿಂದ ಬಂದವು. ಅವನು ದಾರಿ ಬಿಟ್ಟ.

ಮನೆಯಿಂದ ಓಡಿಬಂದ ಮಗಳು ಮೋರಿಯೊಳಗೆ ಕೈ ಚಾಚಿದಳು. "ಮಂಜೂರಾಯ್ತಾ ಅಪ್ಪಾ?"

"ಇಲ್ಲಮ್ಮ. ಆದ್ರೆ ನಾನು ಬಿಡೋನಲ್ಲ! ಮುಂದಿನ ವರ್ಷ ಅವರು ಬಂದಾಗ ಊರಲ್ಲಿರೋ ಗಾಡಿನೆಲ್ಲ ಒಟ್ಟಿಗೆ ಸ್ಟಾರ್ಟ್ ಮಾಡಿಸ್ತೀನಿ."

ಮಗಳು ಅವನ ಕೊರಳ ಟೇಪಿಗೆ ಮೆತ್ತಿದ ಕೆಸರು ಒರೆಸಿದಳು.

"ಸರಿ ಬಿಡಪ್ಪ. ಅಲ್ಲೀವರೆಗೆ ಇಬ್ಬರೂ ಒಟ್ಟಿಗೇ ಬೀಳೋಣ."